ರೇಸಿಂಗ್ ಗೇಮ್: ಸ್ಟೀರಿಂಗ್ ಕೊಳ್ಳುವ ಮುನ್ನ ಯೋಚಿಸಿ

ರೇಸಿಂಗ್ ವಿಡಿಯೋ ಗೇಮ್‌ಗಳ ಗೀಳು ಹತ್ತಿದವರಿಗೆ ಇಂದಲ್ಲ ನಾಳೆ ಸ್ಟೀರಿಂಗ್ ಚಕ್ರವೊಂದನ್ನು ಕೊಳ್ಳುವ ಆಸೆ ಹುಟ್ಟುತ್ತದೆ. ಚಕ್ರ ಹಿಡಿದು ಆಡಿದರೆ ಮಾತ್ರ ನಿಜವಾದ ಚಾಲನೆಯ ಅನುಭವ ಸಿಗುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆ ಅರ್ಧ ಮಾತ್ರ ಸತ್ಯ. ತೀರಾ ಅಗ್ಗದ ಸ್ಟೀರಿಂಗಿಗಿಂತ ಒಳ್ಳೆಯ ಗೇಮ್‌ಪ್ಯಾಡೇ ಎಷ್ಟೋ ಮೇಲು. ಏಕೆಂಬುದನ್ನು ನೋಡೋಣ.

ಕೀಲಿಮಣೆಯ ಸಾಮಾನ್ಯ ಕೀಲಿಗೆ ತಿಳಿದಿರುವುದು ಎರಡೇ ಸ್ಥಿತಿ: ಒತ್ತಿದೆ ಅಥವಾ ಒತ್ತಿಲ್ಲ. ಅರ್ಧ ಬ್ರೇಕ್, ಕಾಲು ಭಾಗ ಆಕ್ಸಿಲರೇಟರ್ ಎಂಬುದು ಅದಕ್ಕೆ ಅರ್ಥವಾಗದು. ನೀಡ್ ಫಾರ್ ಸ್ಪೀಡ್‌ನಂತಹ ಮನರಂಜನೆಯ ಆಟಗಳಲ್ಲಿ ಈ ಕೊರತೆಯನ್ನು ತಂತ್ರಾಂಶವೇ ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೆ ಅಸೆಟ್ಟೊ ಕೊರ್ಸಾದಂತಹ, ನೈಜ ಕಾರಿನ ವರ್ತನೆಯನ್ನು ಅನುಕರಿಸುವ ಆಟಗಳಲ್ಲಿ ತಿರುವಿನೊಳಗೆ ಪೂರ್ತಿ ಬ್ರೇಕ್ ಒತ್ತಿದರೆ ಚಕ್ರಗಳು ಸಿಕ್ಕಿಕೊಂಡು ಕಾರು ಜಾರುತ್ತದೆ.

ಗೇಮ್‌ಪ್ಯಾಡಿನ ಕಡ್ಡಿ ಮತ್ತು ಟ್ರಿಗರ್‌ಗಳು ಎಷ್ಟು ವಾಲಿವೆ, ಎಷ್ಟು ಒತ್ತಲ್ಪಟ್ಟಿವೆ ಎಂಬುದನ್ನೂ ತಿಳಿಸುತ್ತವೆ. ಬ್ರೇಕನ್ನು ಹಂತಹಂತವಾಗಿ ಬಿಡಬಹುದು. ಒಳಗಿನ ಮೋಟಾರುಗಳ ಕಂಪನದಿಂದ ಟೈರ್ ಹಿಡಿತ ತಪ್ಪುತ್ತಿರುವ ಸೂಚನೆಯೂ ದೊರೆಯುತ್ತದೆ. ಹೆಬ್ಬೆರಳಿನ ಅಲ್ಪ ಚಲನೆಯಲ್ಲೇ ಇಡೀ ಸ್ಟೀರಿಂಗ್ ಅಡಗಿರುವುದು ಇದರ ಮಿತಿ.

ಇನ್ನು ಸ್ಟೀರಿಂಗ್ ಚಕ್ರ. ಅಗ್ಗದ ಚಕ್ರಗಳನ್ನು ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿ ಮಧ್ಯಕ್ಕೆ ಎಳೆಯುತ್ತದೆ. ರಸ್ತೆಯಲ್ಲಿ ಏನೇ ನಡೆಯಲಿ, ಕೈಗೆ ಸಿಗುವ ಎಳೆತ ಒಂದೇ ಬಗೆಯದು. 'ಫೋರ್ಸ್ ಫೀಡ್‌ಬ್ಯಾಕ್' ಇರುವ ಚಕ್ರದಲ್ಲಿ ಮೋಟಾರು ಕಾರಿನ ಸ್ಥಿತಿಗೆ ತಕ್ಕಂತೆ ಎದುರುಬಲ ನೀಡುತ್ತದೆ. ಮುಂದಿನ ಟೈರುಗಳು ಹಿಡಿತ ಕಳೆದುಕೊಂಡಾಗ ಚಕ್ರ ಹಗುರಾಗುವುದು ಕೈಗೆ ತಿಳಿಯುತ್ತದೆ. 2015ರಲ್ಲಿ ಬಂದ ಲಾಜಿಟೆಕ್ ಜಿ29 ಈ ಬಲವನ್ನು ಗೇರುಗಳ ಮೂಲಕ ಕೊಡುತ್ತದೆ. ಅದು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಬೆಲ್ಟ್ ಬಳಸುವ ಚಕ್ರಗಳು ಇನ್ನಷ್ಟು ನಯ. 2021ರ ಫ್ಯಾನಟೆಕ್ ಸಿಎಸ್ಎಲ್ ಡಿಡಿಯಂತಹ 'ಡೈರೆಕ್ಟ್ ಡ್ರೈವ್' ಸಾಧನಗಳಲ್ಲಿ ಚಕ್ರ ನೇರವಾಗಿ ಮೋಟಾರಿನ ದಂಡಕ್ಕೇ ಜೋಡಣೆಯಾಗಿರುತ್ತದೆ. ಇವುಗಳ ಸ್ಪಂದನೆ ಅತ್ಯಂತ ಸ್ಪಷ್ಟ, ಬೆಲೆಯೂ ಹೆಚ್ಚು.

ಕೊಳ್ಳುವವರು ಸಾಮಾನ್ಯವಾಗಿ ಕಡೆಗಣಿಸುವುದು ಪೆಡಲನ್ನು. ಸಾಮಾನ್ಯ ಪೆಡಲ್ ಎಷ್ಟು ದೂರ ಚಲಿಸಿತು ಎಂಬುದನ್ನು ಅಳೆದರೆ, 'ಲೋಡ್ ಸೆಲ್' ಪೆಡಲ್ ಎಷ್ಟು ಬಲ ಬಿತ್ತು ಎಂಬುದನ್ನು ಅಳೆಯುತ್ತದೆ. ಕಾರು ಓಡಿಸುವವರಿಗೆ ಗೊತ್ತಿರುವಂತೆ, ಬ್ರೇಕ್ ಹಾಕುವಾಗ ಕಾಲು ನೆನಪಿಡುವುದು ದೂರಕ್ಕಿಂತ ಹೆಚ್ಚಾಗಿ ಒತ್ತಡವನ್ನು. ಆದ್ದರಿಂದ ಪ್ರತಿ ಸುತ್ತಿನಲ್ಲೂ ಒಂದೇ ತೆರನಾಗಿ ಬ್ರೇಕ್ ಹಾಕಲು ಇದು ನೆರವಾಗುತ್ತದೆ.

ಮನೆಯ ಅನುಕೂಲವನ್ನೂ ಗಮನಿಸಬೇಕು. ಚಕ್ರವನ್ನು ಬಿಗಿಯಲು ಅಲುಗಾಡದ ಮೇಜು ಬೇಕು. ನುಣುಪಾದ ಟೈಲ್ಸ್ ನೆಲದ ಮೇಲೆ ಬ್ರೇಕ್ ಒತ್ತಿದರೆ ಪೆಡಲು ಮುಂದಕ್ಕೂ ಗಾಲಿಯ ಕುರ್ಚಿ ಹಿಂದಕ್ಕೂ ಸರಿಯುತ್ತವೆ. ಹೊಂದಾಣಿಕೆಯ ಪ್ರಶ್ನೆಯೂ ಇದೆ. ಜಿ29 ಪ್ಲೇಸ್ಟೇಷನ್ ಮತ್ತು ಕಂಪ್ಯೂಟರಿಗೆ ಹೊಂದುತ್ತದೆ; ಎಕ್ಸ್‌ಬಾಕ್ಸ್ ಇದ್ದವರು ಜಿ920 ಮಾದರಿಯನ್ನು ಆಯ್ದುಕೊಳ್ಳಬೇಕಾಗುತ್ತದೆ. ಕೆಲವು ಆಟಗಳು ಚಕ್ರವನ್ನು ಗುರುತಿಸುವುದೇ ಇಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಬಗೆಬಗೆಯ ಆಟಗಳನ್ನು ಬಿಡುವಿನಲ್ಲಿ ಆಡುವವರಿಗೆ ಗೇಮ್‌ಪ್ಯಾಡ್ ಧಾರಾಳ ಸಾಕು. ಗ್ರ್ಯಾನ್ ಟುರಿಸ್ಮೊ, ಅಸೆಟ್ಟೊ ಕೊರ್ಸಾದಂತಹ ಆಟಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಮನಸ್ಸಿದ್ದರೆ ಫೋರ್ಸ್ ಫೀಡ್‌ಬ್ಯಾಕ್ ಇರುವ ಚಕ್ರಕ್ಕೆ ಹಣ ಹಾಕಬಹುದು. ಅಷ್ಟು ಹಣವಿಲ್ಲವೆಂದು ಸ್ಪ್ರಿಂಗ್ ಚಕ್ರ ಕೊಳ್ಳುವುದು ಮಾತ್ರ ಬೇಡ. ಅದರ ಬದಲು ಗೇಮ್‌ಪ್ಯಾಡಿನಲ್ಲೇ ಆಡುತ್ತ, ಹಣ ಕೂಡುವವರೆಗೆ ಕಾಯುವುದು ಲೇಸು.