ಅಸಹಕಾರಿ ರೋಗಿ

ಸರಕಾರೀ ದವಾಖಾನೆಯ ಹೊರರೋಗಿಗಳ ಕೋಣೆಯನ್ನು ಕಂಡವರಿಗೆ ಅಲ್ಲಿಯ ಮುಂಜಾನೆಯನ್ನು ವರ್ಣಿಸಬೇಕಾದ ಕಾರಣವಿಲ್ಲ. ಬಾಗಿಲಿನಿಂದ ಅಂಗಳದವರೆಗೆ ಬೆಳೆದ ಸಾಲು, ಅಳುವ ಕೂಸುಗಳು, ಕೆಮ್ಮುವ ಮುದುಕರು, ಮೇಜಿನ ಹಿಂದೆ, ನಾಲ್ಕೂವರೆ ವರ್ಷದ ಓದನ್ನು ಮುಗಿಸಿ ಒಂದು ವರ್ಷದ ತರಬೇತಿಗೆಂದು ಬಂದ ತರುಣ ವೈದ್ಯನು. ಗ್ರಂಥಗಳಲ್ಲಿ ರೋಗಗಳ ಪರಿಚಯ ಮಾಡಿಕೊಂಡ ಆತನಿಗೆ ರೋಗಿಗಳ ಹೊಣೆಯು ಮೊದಲು ಬೀಳುವದು ಇಲ್ಲಿಯೇ. ಅವರಲ್ಲಿ ಕೆಲವರು ಬಹು ಬೇಗನೆ ಆತನ ಕಣ್ಣಿಗೆ ಹಟಮಾರಿಗಳಾಗಿ ತೋರತೊಡಗುವರು. ಉತ್ತರ ಕರ್ನಾಟಕದ ಒಂದು ದವಾಖಾನೆಯಲ್ಲಿ ಅಂಥ ಮೇಜಿನ ಹಿಂದೆ ನಾನೂ ಒಂದು ವರ್ಷ ಕುಳಿತವನು. ಆದುದರಿಂದ ಈ ಮಾತುಗಳನ್ನು ಪರರ ದೋಷವನ್ನೆಣಿಸಲೆಂದು ಬರೆಯುತ್ತಿಲ್ಲ.

ನೋವು ಎಲ್ಲಿ ಎಂದು ಕೇಳಿದರೆ "ಮೈಯೆಲ್ಲಾ ನೋವೈತ್ರೀ ಸಾಹೇಬರ" ಎಂದಷ್ಟೇ ನುಡಿಯುವ ಮುದುಕಿ. ಸೂಜಿ ಮಾಡದವನು ವೈದ್ಯನೇ ಅಲ್ಲವೆಂದು ಜಗಳಕ್ಕೆ ನಿಲ್ಲುವ ರೈತ. ಜೊತೆಗೆ ಬಂದ ಅತ್ತೆಯ ಮುಖವನ್ನು ನೋಡಿ ಬಾಯಿ ಬಿಡದ ಸೊಸೆ: ಇಂಥವರು ದಿನಾಲು ಬರುತ್ತಿದ್ದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದವನು ಬೇರೊಬ್ಬನು. ಆತನು ಕ್ಷಯರೋಗದಿಂದ ಬಳಲುತ್ತಿದ್ದ, ಸುಮಾರು ನಾಲ್ವತ್ತು ವಯಸ್ಸಿನ ಹಮಾಲನು. ಆರು ತಿಂಗಳು ಬಿಡದೆ ಸೇವಿಸಬೇಕಾದ ಗುಳಿಗೆಗಳನ್ನು ಎರಡನೆಯ ತಿಂಗಳಲ್ಲಿಯೇ ಬಿಟ್ಟು, ಮೊದಲಿಗಿಂತ ಕೃಶನಾಗಿ ಮರಳಿ ಬಂದಿದ್ದನು. ನಡುವೆ ಬಿಟ್ಟ ಔಷಧವು ರೋಗವನ್ನು ಮರಳಿ ತರುವದಲ್ಲದೆ, ಆ ಔಷಧಕ್ಕೆ ಮಣಿಯದ ರೋಗಾಣುಗಳನ್ನೂ ಬೆಳೆಸಬಲ್ಲದು. ಇದನ್ನು ಬಲ್ಲ ನಾನು ಸಾಲಿನ ಎದುರಿನಲ್ಲಿಯೇ ಆತನನ್ನು ಗದರಿಸಿದೆನು. ಆತನು ನೆಲವನ್ನು ನೋಡುತ್ತ ನಿಂತನು, ಏನನ್ನೂ ಹೇಳಲಿಲ್ಲ. ನಾನು ಆತನ ಕಾಗದದ ಮೇಲೆ "ಅಸಹಕಾರಿ" ಎಂಬರ್ಥದ ಇಂಗ್ಲಿಷ್ ಶಬ್ದವನ್ನು ಬರೆದು ಮುಂದಿನವನನ್ನು ಕರೆದೆನು. 1920ರಲ್ಲಿ ಈ ದೇಶವು ತಲೆಯೆತ್ತಿ ನುಡಿದ ಶಬ್ದವದು. ನನ್ನ ಲೇಖನಿಯಲ್ಲಿ ಬಡವನ ಮೇಲಿನ ಆರೋಪವಾಯಿತು.

ಬಾಗಿಲ ಬಳಿಯ ಬಾಕಿನ ಮೇಲೆ ಆತನನ್ನು ಕೂಡ್ರಿಸಿಕೊಂಡು ಹಿರಿಯ ದಾದಿಯೊಬ್ಬರು ಮೆಲ್ಲನೆ ಕೇಳಿದರು: "ಯಾಕೋ ತಮ್ಮಾ, ಗುಳಿಗಿ ಯಾಕ ಬಿಟ್ಟಿ?" ಆತನು ಅತ್ತಿತ್ತ ನೋಡಿ ಹೇಳಿದನು: "ಉಚ್ಚಿ ಕೆಂಪಗಾತ್ರೀ ಅವ್ವಾರ. ಮೈಯಾಗಿನ ರಕ್ತ ಹರದು ಹೊಂಟೈತಿ ಅಂತ ಅಂಜಿದೆ. ರಕ್ತ ಹೋದರ ಮೂಟಿ ಹೊರೂದು ಹ್ಯಾಂಗರೀ?"

ಆ ಗುಳಿಗೆಗಳಲ್ಲಿರುವ ರಿಫಾಂಪಿಸಿನ್ ಎಂಬ ಔಷಧವು ಮೂತ್ರಕ್ಕೆ ಕಿತ್ತಳೆಗೆಂಪು ಬಣ್ಣವನ್ನು ಕೊಡುವದು. ಆ ಬಣ್ಣದಿಂದ ಯಾವ ಅಪಾಯವೂ ಇಲ್ಲ. ಇದು ಪರೀಕ್ಷೆಯಲ್ಲಿ ನಾನು ಬರೆದು ಅಂಕ ಪಡೆದ ಸಂಗತಿ. ಆತನಿಗೆ ಬೇಕಾಗಿದ್ದುದು ಅದೇ ಒಂದು ವಾಕ್ಯ. ಅದನ್ನು ಆತನಿಗೆ ಯಾರೂ ಹೇಳಿರಲಿಲ್ಲ. ಗದರಿಸಿದ ನಾನೂ ಕೇಳಿರಲಿಲ್ಲ.

ಇದು ಒಬ್ಬ ಹಮಾಲನ, ಒಬ್ಬ ತರುಣ ವೈದ್ಯನ ಕಥೆಯಷ್ಟೇ ಆಗಿದ್ದರೆ ವಾಚಕರ ಮುಂದಿಡುತ್ತಿರಲಿಲ್ಲ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಹಳ್ಳಿಯ ಜನರು ಅಜ್ಞಾನದಿಂದ ರೋಗವನ್ನು ಬಚ್ಚಿಡುವರು, ದವಾಖಾನೆಗೆ ಬರುವದಿಲ್ಲ ಎಂಬ ದೂರು ಆಗಲೂ ಇದ್ದಿತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನೇ ವಿಚಾರಿಸಿ, 1963ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಬಹುತೇಕ ರೋಗಿಗಳಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನರು ತಾವಾಗಿಯೇ ಚಿಕಿತ್ಸೆಯನ್ನರಸಿ ಹೋಗಿದ್ದರು. ಹೋದವರನ್ನು ಪರೀಕ್ಷಿಸದೆ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗುತ್ತಿತ್ತು! ಬಾರದವರೆಂದು ನಾವು ದೂರಿದ ಜನರು ಬಂದು ಹೋಗಿದ್ದರು.

ಸ್ವಾತಂತ್ರ್ಯಕ್ಕೆ ಮೊದಲೇ, 1946ರಲ್ಲಿ, ಭೋರ್ ಸಮಿತಿಯು ಜನರ ಬಾಳನ್ನು ಬಲ್ಲ "ಸಾಮಾಜಿಕ ವೈದ್ಯ"ನನ್ನು ಸಿದ್ಧಗೊಳಿಸಬೇಕೆಂದು ಹೇಳಿತ್ತು. ರೋಗಿಯೊಡನೆ ಮಾತನಾಡುವ ಕಲೆಯು ವೈದ್ಯಶಿಕ್ಷಣದ ಪಠ್ಯಕ್ರಮದಲ್ಲಿ ವಿಧಿಬದ್ಧವಾಗಿ ಸೇರಿದುದು 2019ರಲ್ಲಿ. ಎಪ್ಪತ್ತಕ್ಕೂ ಮಿಕ್ಕಿದ ವರ್ಷಗಳು ಇದಕ್ಕೆ ಬೇಕಾದವು! ನಮ್ಮ ವಿದ್ಯಾರ್ಥಿಯು ಉಸಿರಾಟದ ಕಷ್ಟಕ್ಕೆ ಇಂಗ್ಲಿಷಿನಲ್ಲಿರುವ ಹೆಸರನ್ನು ಮೊದಲ ವರ್ಷಗಳಲ್ಲಿಯೇ ಕಲಿಯುವನು. ದಮ್ಮು, ತೇಕು, ಉಬ್ಬಸ, ಎದೆ ಹಿಡಿದಂತಾಗುವದು ಇವುಗಳಿಗಿರುವ ಭೇದವನ್ನು ಆತನಿಗೆ ಕಲಿಸುವವರು ಯಾರು? ರೋಗಿಯ ನುಡಿಯನ್ನರಿಯದ ವೈದ್ಯನಿಗೆ ಪ್ರತಿಯೊಬ್ಬ ರೋಗಿಯೂ ಹಟಮಾರಿಯೇ.

ಎಲ್ಲ ತಪ್ಪನ್ನೂ ವೈದ್ಯರ ತಲೆಗೆ ಕಟ್ಟುವದು ನ್ಯಾಯವಲ್ಲ. ಒಂದೇ ಮುಂಜಾನೆ ನೂರು ಜನರನ್ನು ನೋಡಬೇಕಾದವನಿಗೆ ತಾಳ್ಮೆಯನ್ನು ಬರಿಯ ಉಪದೇಶದಿಂದ ಕೊಡಲಾಗದು. ಕುಡಿದು ಬಂದು ಕೈಮಾಡುವವನ ಮುಂದೆ ಮೃದುವಾಗಿರೆಂದು ಯಾರೂ ಹೇಳಲಾರರು. ವೈದ್ಯರ, ದಾದಿಯರ ಸಂಖ್ಯೆಯನ್ನು ಹೆಚ್ಚಿಸುವದು ಸರಕಾರದ ಕರ್ತವ್ಯ. ಕ್ಷಯರೋಗಿಗೆ ಔಷಧವು ಸರಕಾರದಿಂದ ಪುಕ್ಕಟೆಯಾಗಿ ದೊರೆಯುತ್ತದೆ. ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿಯಂತೆ ಸಲ್ಲುತ್ತಿದ್ದ ನೆರವು 2024ರ ನವಂಬರದಲ್ಲಿ 1000 ರೂಪಾಯಿಗೆ ಏರಿತು. ಇಷ್ಟು ವೆಚ್ಚವೂ ಸಾರ್ಥಕವಾಗುವದು, ಕಾಸಿನ ಖರ್ಚಿಲ್ಲದ ಆ ಒಂದು ವಾಕ್ಯವನ್ನು ಯಾರಾದರೂ ಆಡಿದಾಗ.

ಹಮಾಲನ ಕಫವನ್ನು ಮತ್ತೆ ಪರೀಕ್ಷಿಸಿ ಚಿಕಿತ್ಸೆಯನ್ನು ಹೊಸದಾಗಿ ಆರಂಭಿಸಲಾಯಿತು. ನನ್ನ ತರಬೇತಿ ಮುಗಿಯುವವರೆಗೆ ಆತನು ಒಂದು ಸಲವೂ ತಪ್ಪಿಸಲಿಲ್ಲ. ಕಾಗದದ ಮೇಲಿನ ಆ ಶಬ್ದವನ್ನು ನಾನೇ ಹೊಡೆದುಹಾಕಿದೆನು. ಇಂದಿಗೂ ಯಾವನಾದರೊಬ್ಬ ತರುಣ ವೈದ್ಯನ ಲೇಖನಿಯು ಆ ಶಬ್ದದ ಬಳಿಗೆ ಬಂದಾಗ, ಅದನ್ನು ಬರೆಯುವ ಮೊದಲು ಆತನು "ಯಾಕೆ ಬಿಟ್ಟಿರಿ?" ಎಂದು ಒಮ್ಮೆ ಕೇಳಲಿ; ಕೇಳಿ, ಉತ್ತರ ಬರುವವರೆಗೆ ಕಾಯಲಿ. ಪ್ರಜೆಯ ಮಾತಿಗೆ ಬೆಲೆಯಿರುವದೇ ಸ್ವರಾಜ್ಯವಾದರೆ, ದವಾಖಾನೆಯ ಸಾಲಿನಲ್ಲಿ ನಿಂತ ಬಡವನಿಗೂ ಅದು ದೊರೆಯತಕ್ಕದ್ದು.