ಗಣಿತಸಾರಸಂಗ್ರಹದ ಚಮತ್ಕಾರಪ್ರಶ್ನೆಗಳು: ಉತ್ತರಭೇದ ಮತ್ತು ಪಾಠನಿರ್ಣಯ

ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಹೇಳಿ, ಅವು ಗೋಷ್ಠೀವಿನೋದಕ್ಕೂ ಪರರನ್ನು ಬೆರಗುಗೊಳಿಸುವುದಕ್ಕೂ ಉಪಯುಕ್ತವೆಂದಿದ್ದಾನೆ. ಕಾವ್ಯದ ಪ್ರಹೇಲಿಕೆಯಲ್ಲಿ ಗೂಢಾರ್ಥ ಬಿಡಿಸಿಕೊಂಡರೆ ಸಾಮಾನ್ಯವಾಗಿ ವಿವಾದ ಮುಗಿಯುತ್ತದೆ. ಗಣಿತದ ಪ್ರಹೇಲಿಕೆಯಲ್ಲಿ ಹಾಗಲ್ಲ. ಉತ್ತರ ದೊರೆತ ಮೇಲೂ, ಇದೊಂದೇ ಉತ್ತರವೇ ಎಂಬ ಸಂದೇಹ ಉಳಿಯುತ್ತದೆ. ಹಸ್ತಪ್ರತಿಗಳನ್ನು ಪರಿಶೋಧಿಸುವವರಿಗೆ ಇದು ಕೇವಲ ವಿನೋದದ ಮಾತಲ್ಲ. ಒಂದು ಪ್ರತಿಯಲ್ಲಿ ಬರೆದ ಉತ್ತರ ಮತ್ತೊಂದರ ಉತ್ತರಕ್ಕೆ ಹೊಂದದಿದ್ದರೆ, ಅದನ್ನು ಲಿಪಿಕಾರನ ಪ್ರಮಾದವೆಂದು ತಿದ್ದಿಬಿಡುವ ಪ್ರವೃತ್ತಿ ವಿದ್ವಾಂಸರಲ್ಲಿಯೂ ಉಂಟು.

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವು ಇಂತಹ ಪ್ರಶ್ನೆಗಳ ಆಕರ. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುತ್ತಾರೆ. ಇದು ನನಗೆ ದೊರೆತರೆ ನಿಮ್ಮಿಬ್ಬರ ಒಟ್ಟು ಧನದ ಎರಡರಷ್ಟು ನನ್ನದಾಗುತ್ತದೆ ಎಂದು ಮೊದಲನೆಯವನೂ, ಮೂರರಷ್ಟೆಂದು ಎರಡನೆಯವನೂ, ಐದರಷ್ಟೆಂದು ಮೂರನೆಯವನೂ ಹೇಳುತ್ತಾರೆ. ಅವರ ಧನ ಕ್ರಮವಾಗಿ ೧, ೩, ೫ ಆಗಿ ಚೀಲದಲ್ಲಿ ೧೫ ಇದ್ದರೆ ಮೂವರ ಮಾತೂ ನಿಜ. ಆದರೆ ೨, ೬, ೧೦ ಮತ್ತು ೩೦ ಎಂದರೂ ನಿಜವೇ. ಪ್ರಶ್ನೆಯು ನಿರ್ಣಯಿಸುವುದು ಅನುಪಾತವನ್ನು ಮಾತ್ರ.

ಇದಕ್ಕಿಂತ ಜಟಿಲವಾದುದು ಮಿಶ್ರಕವ್ಯವಹಾರದಲ್ಲಿ ಬರುವ ಹಕ್ಕಿಗಳ ಪ್ರಶ್ನೆ. ಪಾರಿವಾಳ ೩ ಪಣಕ್ಕೆ ೫, ಸಾರಸ ೫ ಪಣಕ್ಕೆ ೭, ಹಂಸ ೭ ಪಣಕ್ಕೆ ೯, ನವಿಲು ೯ ಪಣಕ್ಕೆ ೩. ರಾಜಕುಮಾರನ ವಿನೋದಕ್ಕಾಗಿ ೧೦೦ ಪಣಕ್ಕೆ ೧೦೦ ಹಕ್ಕಿಗಳನ್ನು ತರಬೇಕು. ಪಾರಿವಾಳ ೧೫, ಸಾರಸ ೨೮, ಹಂಸ ೪೫, ನವಿಲು ೧೨ ಎಂದು ಕೊಂಡರೆ ಕ್ರಮವಾಗಿ ೯, ೨೦, ೩೫, ೩೬ ಪಣಗಳಾಗಿ ಲೆಕ್ಕ ಸರಿಹೋಗುತ್ತದೆ. ಪಾರಿವಾಳ ೫, ಸಾರಸ ೫೬, ಹಂಸ ೨೭, ನವಿಲು ೧೨ ಎಂದರೂ ಸರಿಯೇ. ನಾಲ್ಕು ಜಾತಿಗಳನ್ನೂ ಹೇಳಿದ ಗುಂಪುಗಳಲ್ಲಿಯೇ ಕೊಳ್ಳಬೇಕೆಂದರೆ ಒಟ್ಟು ೬ ಉತ್ತರಗಳುಂಟು. ನವಿಲಿನ ಕ್ರಯವಾದರೋ ಒಂದಕ್ಕೆ ೩ ಪಣ ಎಂದು ಶೇಷವಿಲ್ಲದೆ ಒಡೆಯುತ್ತದೆ. ಆದುದರಿಂದ ನವಿಲನ್ನು ಬಿಡಿಯಾಗಿ ಕೊಳ್ಳಬಹುದೆಂದು ಒಪ್ಪಿದರೆ ಪಾರಿವಾಳ ೩೫, ಸಾರಸ ೭, ಹಂಸ ೪೫, ನವಿಲು ೧೩ ಎಂಬಂತಹವೂ ಸೇರಿ ಉತ್ತರಗಳು ೧೬ ಆಗುತ್ತವೆ. ಆರೋ ಹದಿನಾರೋ ಎಂಬುದು ಗಣಿತದ ವಿವಾದವಲ್ಲ, ಕ್ರಯವಾಕ್ಯದ ಅರ್ಥದ ವಿವಾದ. ಇಲ್ಲಿ ವೈಯಾಕರಣನಿಗೂ ಕೆಲಸವುಂಟು. ಈ ಪ್ರಶ್ನೆಯನ್ನೇ ಎತ್ತಿಕೊಂಡ ಭಾಸ್ಕರಾಚಾರ್ಯನು ಬೀಜಗಣಿತದಲ್ಲಿ ಉತ್ತರಗಳ ಬಹುತ್ವವನ್ನು ಒಪ್ಪಿದ್ದಾನೆ. ಹೀಗಿರಲು ಎರಡು ಓಲೆಪ್ರತಿಗಳಲ್ಲಿ ಎರಡು ಉತ್ತರಗಳು ಕಂಡುಬಂದರೆ, ಮೊದಲು ಅವೆರಡನ್ನೂ ಕೂಡಿಸಿ ನೋಡತಕ್ಕದ್ದು. ಎರಡೂ ಕಡೆ ನೂರು ಬಂದರೆ ಅಲ್ಲಿ ತಿದ್ದಲು ಏನೂ ಇಲ್ಲ. ಎರಡನ್ನೂ ಪಾಠಾಂತರವಾಗಿ ಉಳಿಸಬೇಕು.

ನಿಜವಾದ ಕಷ್ಟ ಬರುವುದು ಸಂಜ್ಞಾಧಿಕಾರದಲ್ಲಿ. ಸೊನ್ನೆಯಿಂದ ಭಾಗಿಸಲ್ಪಟ್ಟ ರಾಶಿಯು ಅವಿಕಾರಿಯಾಗಿ ಉಳಿಯುತ್ತದೆಂದು ಆಚಾರ್ಯರು ವಿಧಿಸಿದ್ದಾರೆ. ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಕರಗುವುದೆಂತು ಎಂಬ ಸಮರ್ಥನೆ ಕೇಳಲು ಹಿತವಾಗಿದೆ. ಆದರೆ ಭಾಗಲಬ್ಧವೆಂದರೆ ಉಳಿದ ರಾಶಿಯಲ್ಲ, ಒಬ್ಬೊಬ್ಬನಿಗೆ ಬಂದ ಪಾಲು. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಅಲ್ಲಿಯೇ ಹೇಳಿರುವುದರಿಂದ, ಲಬ್ಧವನ್ನು ಭಾಜಕದಿಂದ ಗುಣಿಸಿ ಮೂಲರಾಶಿಯನ್ನು ಮರಳಿ ಪಡೆಯಲೂ ಆಗದು. ಬ್ರಹ್ಮಗುಪ್ತನು ೬೨೮ರಲ್ಲಿಯೇ ಇಂತಹ ರಾಶಿಗೆ ಸೊನ್ನೆಯನ್ನೇ ಛೇದವಾಗಿ ಉಳಿಸಿದ್ದನು. ಭಾಸ್ಕರನು ಅದನ್ನು ಖಹರವೆಂದು ಕರೆದು ಅನಂತವೆಂದನು. ಇಂದಿನ ಗಣಿತವು ಆ ಭಾಗಾಹಾರವನ್ನೇ ಒಪ್ಪುವುದಿಲ್ಲ. ಮಹಾವೀರಾಚಾರ್ಯರ ವಿಧಿ ನಿಲ್ಲುವುದಿಲ್ಲವೆಂದು ಒಪ್ಪಿಕೊಳ್ಳುವುದರಿಂದ ಅವರ ಗೌರವಕ್ಕೆ ಕುಂದಿಲ್ಲ.

ಕುಂದು ಬರುವುದು, ಆಚಾರ್ಯರನ್ನು ಕಾಪಾಡಲೆಂದು ಪಾಠವನ್ನೇ ಬದಲಿಸಿದಾಗ. ಒಂದೆರಡು ಅಕ್ಷರಗಳನ್ನು ಮಾರ್ಪಡಿಸಿ ದೋಷವನ್ನು ಲಿಪಿಕಾರನ ತಲೆಗೆ ಕಟ್ಟುವುದು ಸುಲಭ. ಅವನು ಎದ್ದು ಬಂದು ವಾದಿಸಲಾರನು. ಮೂಡುಬಿದಿರೆಯ ಬಸದಿಯ ಪ್ರತಿಯನ್ನೂ ಬಳಸಿಕೊಂಡು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಹೊರತಂದ ಆವೃತ್ತಿಯಲ್ಲಿ ಅವಿಕಾರಿಯೆಂಬ ಅರ್ಥವೇ ಇದೆ. ಅದಕ್ಕೆ ಗ್ರಂಥದ ಒಳಗೇ ಆಧಾರವೂ ಉಂಟು. ಅದೇ ಅಧಿಕಾರದಲ್ಲಿ, ಸೊನ್ನೆಯ ವಿಧಿಗೆ ಸಮೀಪದಲ್ಲಿಯೇ, ಋಣರಾಶಿಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಉತ್ತರವಿಲ್ಲವೆನ್ನುವುದು ಅವರಿಗೆ ತಿಳಿಯದ ಮಾತಾಗಿರಲಿಲ್ಲ. ಅಲ್ಲಿ ನಿಷೇಧಿಸಿದವರು ಇಲ್ಲಿ ವಿಧಿಸಿದ್ದಾರೆಂದರೆ, ಸೊನ್ನೆಯ ಉತ್ತರವನ್ನು ಅವರು ಅರಿತೇ ಕೊಟ್ಟರೆಂದು ಭಾವಿಸುವುದು ಯುಕ್ತ. ಆದಕಾರಣ ಪಾಠವು ಇದ್ದಂತೆಯೇ ಇರತಕ್ಕದ್ದು. ಆಕ್ಷೇಪವು ಟಿಪ್ಪಣಿಯಲ್ಲಿ ಬರಲಿ.