ಅಡುಗೆಮನೆಯ ಹೊಗೆ ಅಳೆಯುವ ಅಗ್ಗದ ಯಂತ್ರ: ಎಷ್ಟು ನಂಬಬಹುದು?



ಹೊಗೆ ಚಿಮಣಿಯಿಂದ ಹೊರಗೆ ಹೋದರೆ ನಮ್ಮ ಜವಾಬ್ದಾರಿ ಮುಗಿಯಿತು ಎಂಬ ಕಾಲ ಈಗಿಲ್ಲ. ಮುಂಬಯಿಯಲ್ಲಿ ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿ ಮತ್ತು ಅಂತಹ ಉದ್ಯಮಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆದೇಶಿಸಿತು. ಅದರ ಬೆನ್ನಿಗೇ ಮಹಾನಗರ ಪಾಲಿಕೆಯ ನೋಟಿಸು ತಂದೂರ್ ಭಟ್ಟಿ ಇಟ್ಟ ಹೋಟೆಲು, ಢಾಬಾಗಳಿಗೂ ಬಂತು. ಮೇಲಿನ ಮಹಡಿಯ ಸೊಸೈಟಿಯವರ ತಕರಾರಂತೂ ಹಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ಎಂಟು ಹತ್ತು ಗಂಟೆ ಒಲೆಯ ಮುಂದೆ ನಿಲ್ಲುವವರು ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗರು. ಅವರು ಎಂತಹ ಗಾಳಿ ಉಸಿರಾಡುತ್ತಾರೆ ಎಂಬುದು ನಮಗೆ ಗೊತ್ತಿರಬೇಡವೇ?

ಇದನ್ನು ತಿಳಿಯಲು ಈಗ ಅಂಗೈ ಅಗಲದ ಸಣ್ಣ ಯಂತ್ರಗಳು ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಸರಕಾರದ ಒಂದು ಪೂರ್ಣ ಮಾಪನ ಕೇಂದ್ರಕ್ಕೆ ಕೋಟಿಯ ಆಸುಪಾಸು ಖರ್ಚಾಗುತ್ತದೆ. ಹಾಗಾಗಿ ನಮ್ಮಂತಹ ದೇಶಗಳಲ್ಲಿ ಗಲ್ಲಿಗೊಂದು ಕೇಂದ್ರ ಇಡುವುದು ಆಗದ ಮಾತು. ಆ ಕೊರತೆಯನ್ನು ಈ ಅಗ್ಗದ ಸೆನ್ಸರುಗಳು ತುಂಬುತ್ತಿವೆ.

ಕೆಲಸ ಮಾಡುವ ರೀತಿ ಸರಳ. ಒಳಗಿನ ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಲೇಸರ್ ಬೆಳಕು ಬೀಳುತ್ತದೆ. ಹೊಗೆಯ ಕಣಗಳಿಗೆ ತಾಗಿ ಚದುರಿದ ಬೆಳಕನ್ನು ನೋಡಿ, ಕಣ ಎಷ್ಟಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಪರದೆಯಲ್ಲಿ ಕಾಣುವ ಪಿಎಂ 2.5 ಎಂದರೆ ಒಂದು ಮಿಲಿಮೀಟರಿನ 400ರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಸಣ್ಣ ಕಣಗಳು. ಇವು ಮೂಗಿನಲ್ಲಿ ತಡೆಯದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಸರಕಾರಿ ಕೇಂದ್ರದ ಯಂತ್ರ ಕಣಗಳನ್ನು ಹಿಡಿದು ಅವುಗಳ ತೂಕವನ್ನೇ ಅಳೆಯುತ್ತದೆ. ಈ ಡಬ್ಬಿ ಬೆಳಕು ನೋಡಿ ತೂಕದ ಅಂದಾಜು ಹೇಳುತ್ತದೆ. ತಕ್ಕಡಿಯಲ್ಲಿ ಅಕ್ಕಿ ತೂಗುವುದಕ್ಕೂ, ಅನುಭವಿ ಮೇಸ್ತ್ರಿ ಚೀಲ ನೋಡಿ ಇಷ್ಟು ಕಿಲೋ ಇದ್ದೀತು ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಕಾನ್ಪುರದ ಐಐಟಿ ಸೇರಿ 2020ರ ನವೆಂಬರಿನಿಂದ 2021ರ ಮೇ ತನಕ ಮುಂಬಯಿ ಪ್ರದೇಶದಲ್ಲಿ 40 ಸೆನ್ಸರುಗಳನ್ನು ಸರಕಾರಿ ಕೇಂದ್ರಗಳ ಪಕ್ಕದಲ್ಲೇ ಇಟ್ಟು ಪರೀಕ್ಷಿಸಿದವು. ತಾಳೆ ನೋಡಿ ಸರಿಪಡಿಸಿದರೆ ಇವು ಉಪಯೋಗಕ್ಕೆ ಬರುತ್ತವೆ ಎಂಬುದು ಅದರ ಸಾರ. ಬಿಹಾರ, ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲೂ ಇದೇ ಐಐಟಿಯ ಯೋಜನೆಯಲ್ಲಿ ಸುಮಾರು 1400 ಸೆನ್ಸರುಗಳನ್ನು ಇಡಲಾಗಿದೆ.

ಆದರೆ ನಮ್ಮ ಅಡುಗೆಮನೆಗೆ ತರುವ ಮೊದಲು ನಾಲ್ಕು ವಿಷಯ ತಿಳಿದಿರಬೇಕು.

ಒಂದು, ಹಬೆ. ಇಡ್ಲಿ ಪೆಟ್ಟಿಗೆ ತೆರೆದಾಗ ಏಳುವ ಹಬೆಯನ್ನೂ ಯಂತ್ರ ಹೊಗೆ ಎಂದೇ ಲೆಕ್ಕ ಹಾಕುತ್ತದೆ. ಮಳೆಗಾಲದ ತೇವದಲ್ಲಿ ಕಣಗಳು ನೀರು ಕುಡಿದು ಉಬ್ಬುವುದರಿಂದ ಅಂಕೆ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಎರಡು, ಎಣ್ಣೆ ಜಿಡ್ಡು. ಒಲೆಯ ಮೇಲೇ ತೂಗಿಸಿದರೆ ಒಳಗಿನ ಕಣ್ಣು ಬೇಗ ಮಸುಕಾಗುತ್ತದೆ. ಒಲೆಯಿಂದ ದೂರ, ಆಳು ನಿಂತಾಗ ಮೂಗು ಬರುವಷ್ಟು ಎತ್ತರದಲ್ಲಿ ಇಡಬೇಕು.

ಮೂರು, ವಿಷಾನಿಲ. ಇದ್ದಿಲಿನ ಭಟ್ಟಿಯಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯುವ ಅನಿಲ. ಧೂಳು ಅಳೆಯುವ ಡಬ್ಬಿ ಅದನ್ನು ತೋರಿಸುವುದೇ ಇಲ್ಲ. ಅದಕ್ಕೆ ಬೇರೆಯೇ ಸೆನ್ಸರ್ ಬೇಕು. ಅಂಕೆ ಕಡಿಮೆ ಇದೆಯೆಂದು ಭಟ್ಟಿಯ ಕೋಣೆಯ ಕಿಟಕಿ ಮುಚ್ಚಬೇಡಿ.

ನಾಲ್ಕು, ಸೂಚ್ಯಂಕದ ಗೊಂದಲ. ಘನ ಮೀಟರಿಗೆ 60 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಭಾರತದ ಸೂಚ್ಯಂಕ 100 ಎನ್ನುತ್ತದೆ, ಅಮೆರಿಕದ್ದು 150 ದಾಟುತ್ತದೆ. ಗಾಳಿ ಒಂದೇ, ಅಳತೆಗೋಲು ಬೇರೆ. ಆದ್ದರಿಂದ ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಅಂಕೆಯನ್ನೇ ಬರೆದಿಡಿ. 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಇವು ಇಡೀ ದಿನದ ಸರಾಸರಿಗೆ ಹಾಕಿದ ಮಿತಿಗಳು. ಒಗ್ಗರಣೆ ಹಾಕಿದ ಎರಡು ನಿಮಿಷದ ಅಂಕೆಯನ್ನು ಇವಕ್ಕೆ ಹೋಲಿಸಿ ಗಾಬರಿಯಾಗಬೇಕಿಲ್ಲ.

ಹಾಗಾದರೆ ಇದರಿಂದ ಏನು ಪ್ರಯೋಜನ? ಹೋಲಿಕೆ. ಎಕ್ಸಾಸ್ಟಿನ ಫಿಲ್ಟರ್ ತೊಳೆಯುವ ಮೊದಲು ಒಂದು ವಾರ, ತೊಳೆದ ಮೇಲೆ ಒಂದು ವಾರ, ಅದೇ ಜಾಗದಲ್ಲಿ ಅದೇ ಹೊತ್ತಿಗೆ ಅಂಕೆ ಬರೆಯಿರಿ. ಇದ್ದಿಲು ಬಿಟ್ಟು ಗ್ಯಾಸಿಗೆ ಹೋಗುವವರೂ ಹೀಗೆಯೇ ಮಾಡಿ. ಗಲ್ಲಾದ ಹತ್ತಿರ ಊದುಬತ್ತಿ ಹಚ್ಚಿದಾಗಲೂ ಅಂಕೆ ಏರುತ್ತದೆ, ಆದ್ದರಿಂದ ಅದರ ಹೊತ್ತನ್ನೂ ಬರೆದಿಡಿ. ಬೀದಿಯ ಗಾಳಿಯೇ ಕೆಟ್ಟಿದೆಯೋ ನಮ್ಮ ಒಲೆಯದ್ದೋ ತಿಳಿಯಲು ಇನ್ನೊಂದು ಯಂತ್ರವನ್ನು ಹೊರಬಾಗಿಲಲ್ಲಿ ಇಡಬೇಕು. ಆರಂಭದಲ್ಲಿ ಎರಡನ್ನೂ ಒಂದು ದಿನ ಅಕ್ಕಪಕ್ಕ ಇಟ್ಟು ಅಂಕೆ ತಾಳೆಯಾಗುತ್ತದೆಯೇ ನೋಡಿಕೊಳ್ಳಬೇಕು. ಐದಾರು ಹೋಟೆಲಿನವರು ಸೇರಿ ಒಂದು ಜೋಡಿ ಕೊಂಡರೂ ಸರದಿಯಂತೆ ಬಳಸಬಹುದು.

ಈ ಪುಸ್ತಕ ಅಧಿಕಾರಿಗಳ ಮುಂದೆ ಸರಕಾರಿ ಪುರಾವೆಯಾಗಿ ನಿಲ್ಲುತ್ತದೆ ಎಂದು ಭಾವಿಸಬೇಡಿ, ಅದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯೇ ಬೇಕು. ಆದರೆ ಹುಡ್ ದೊಡ್ಡದು ಮಾಡಬೇಕೇ, ಡಕ್ಟ್ ಸ್ವಚ್ಛ ಮಾಡಿಸಿದರೆ ಸಾಕೇ ಎಂದು ಲಕ್ಷಗಟ್ಟಲೆ ಖರ್ಚಿಗೆ ಮೊದಲು ನಮಗೆ ನಾವೇ ಉತ್ತರ ಕಂಡುಕೊಳ್ಳಲು ಇಷ್ಟು ಸಾಕು. ಬರೆದಿಟ್ಟ ಅಂಕೆಗಳನ್ನು ಅಡುಗೆಯವರಿಗೂ ತೋರಿಸಿ. ಆ ಗಾಳಿ ಉಸಿರಾಡುವವರು ಅವರು.